ತಪ್ಪಿಲ್ಲದ ನಾಲ್ಕು ಹಲ್ಲು

ಕುರಿ ಮಾರಲು ಸಖುಬಾಯಿ ಬಂದಿದ್ದಾಳೆ ಎಂದರೆ ಭಾಲ್ಕಿಯ ಸಂತೆಯಲ್ಲಿ ಕೆಲವು ದಲಾಲರು ಚಹಾದ ಅಂಗಡಿಯ ಕಡೆ ಸರಿದುಬಿಡುತ್ತಿದ್ದರು. ಅವಳ ಬಾಯಿಂದ ಬಿದ್ದ ಮಾತು ಸಂಜೆಯೊಳಗೆ ಸಂತೆಯ ತುಂಬ ಓಡಾಡಿ, ಮುಂದಿನ ವಾರಕ್ಕೆ ಅಡ್ಡಹೆಸರಾಗಿ ಅಂಟಿಕೊಳ್ಳುತ್ತಿತ್ತು. ಟಗರಿನ ಬೆನ್ನು ತಡವಿ "ಸೊರಗ್ಯಾದಲ್ಲ" ಎಂದ ದಲಾಲನೊಬ್ಬನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಬೆನ್ನ ಒಮ್ಮಿ ತಡವಿ ನೋಡ್ಕೋ" ಎಂದಿದ್ದಳು. ಆ ಮನುಷ್ಯನನ್ನು ಜನ ಇಂದಿಗೂ 'ಸೊರಗಿದ ಬೆನ್ನು' ಎಂದೇ ಕರೆಯುತ್ತಾರೆ.

ಔರಾದ್ ತಾಲೂಕಿನ ಡಾಬಕಾ ಅವಳ ಊರು. ಐವತ್ತೆರಡು ವಯಸ್ಸು. ಮನೆಯಲ್ಲಿ ಐವತ್ತು ಅರವತ್ತು ಕುರಿ, ತೊಗರಿ ಜೋಳ ಬೆಳೆಯುವ ಮಳೆ ನಂಬಿದ ಹೊಲ. ಗಂಡ ಬಕ್ಕಪ್ಪ ಕುರಿ ಮೇಯಿಸುತ್ತಿದ್ದ, ಇವಳು ಮಾರುತ್ತಿದ್ದಳು. ದಿನವಿಡೀ ಕುರಿಗಳ ಜೊತೆ ಇದ್ದೂ ಇದ್ದೂ ಬಕ್ಕಪ್ಪ ಅವುಗಳಷ್ಟೇ ಮಾತಾಡುತ್ತಿದ್ದ ಎಂಬುದು ಸಖುಬಾಯಿಯ ಅಭಿಪ್ರಾಯ. ಒಬ್ಬಳೇ ಮಗಳು ಶೀತಲಳನ್ನು ಭಾಲ್ಕಿ ಕಡೆಯ ಭಾತಂಬ್ರಾಕ್ಕೆ ಕೊಟ್ಟಿದ್ದರು. ಅವಳು ಅಲ್ಲೇ ಅಂಗನವಾಡಿಯ ಕಾರ್ಯಕರ್ತೆ.

ಆ ಚಳಿಗಾಲದ ಬೆಳಿಗ್ಗೆ ಉದಗೀರ ಕಡೆಯಿಂದ ಬಂದ ಗಿರಾಕಿಯೊಬ್ಬ ಎರಡು ಹಲ್ಲಿನ ಟಗರನ್ನು ನೋಡಿ, ಅದಕ್ಕೆ ನಾಲ್ಕು ಹಲ್ಲಾಗಿದೆ, ವಯಸ್ಸು ಹೆಚ್ಚು, ದರ ಇಳಿಸು ಎಂದು ಹಟ ಹಿಡಿದಿದ್ದ. ಸಖುಬಾಯಿ ಟಗರಿನ ಕೆಳತುಟಿ ಎಳೆದು ತೋರಿಸಿ, "ಎಣಿಸಲಿಕ್ಕ ಬರಂಗಿಲ್ಲಂದ್ರ..." ಎಂದಳು. ಮಾತು ಅಲ್ಲೇ ಮುರಿಯಿತು. ಬಲಗೆನ್ನೆಯ ಒಳಗೆ, ಒದ್ದೆ ಕೈ ಮೋಟಾರಿನ ಸ್ಟಾರ್ಟರ್‌ಗೆ ತಾಗಿದಂಥ ಒಂದು ಹೊಡೆತ ಬಿತ್ತು. ತುಟಿಯ ಮೂಲೆಯಿಂದ ಕಿವಿಯವರೆಗೆ ಸರಕ್ಕನೆ ಹರಿದು ಹೋಯಿತು. ಬಾಯಿ ಅರ್ಧ ತೆರೆದಂತೆಯೇ ಅವಳು ಕಂಬದ ಹಾಗೆ ನಿಂತಳು. ಹತ್ತು ಎಣಿಸುವಷ್ಟರಲ್ಲಿ ಅದು ಹೋಗಿತ್ತು. ಆದರೆ ಮತ್ತೆ ಬಂದೀತೆಂದು ಅವಳು ಬಾಯಿ ಮುಚ್ಚಲೂ ಇಲ್ಲ, ಮಾತಾಡಲೂ ಇಲ್ಲ. ಮೌನವನ್ನು ಒಪ್ಪಿಗೆ ಎಂದುಕೊಂಡ ಗಿರಾಕಿ ತನ್ನ ದರಕ್ಕೇ ಟಗರನ್ನು ಹೊಡೆದುಕೊಂಡು ಹೋದ.

ಭಾಲ್ಕಿಯಲ್ಲಿ ಹಲ್ಲಿನ ಡಾಕ್ಟರನೆಂದು ಬೋರ್ಡು ಹಾಕಿಕೊಂಡವನೊಬ್ಬನಿದ್ದ. ಬೋರ್ಡಿನ ಮೇಲೆ ಬಿಳಿ ಹಲ್ಲಿನ ಚಿತ್ರ ದೊಡ್ಡದಾಗಿತ್ತು, ಅವನ ಓದಿನ ವಿವರ ಬಹಳ ಚಿಕ್ಕದಾಗಿತ್ತು. ಅವನು ಸಖುಬಾಯಿಯ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದ, ನಾಲಿಗೆಯಿಂದ ಚ್ಚು ಚ್ಚು ಎಂದ, "ದವಡಿ ಹಲ್ಲ ಕೆಟ್ಟದ. ತಗದಬಿಟ್ರ ಗ್ಯಾರಂಟಿ ಆರಾಮ" ಎಂದ. ತೆಗೆದ. ಎರಡು ವಾರ ನಿಜವಾಗಿಯೂ ಆರಾಮವಿತ್ತು. ಆಮೇಲೆ ಒಂದು ಬೆಳಿಗ್ಗೆ ಮುಖಕ್ಕೆ ನೀರು ಎರಚಿಕೊಂಡಳು, ಮತ್ತೆ ಅದೇ ಹೊಡೆತ.

ಎರಡನೆಯ ಹಲ್ಲು ಕಿತ್ತಾಗ ಅವಳು ಅದನ್ನು ಬಿಸಾಡಲು ಬಿಡದೆ ಅಂಗೈಯಲ್ಲಿ ಹಿಡಿದು ಬೆಳಕಿಗೆ ನೋಡಿದಳು. ಕುರಿಯ ಬಾಯಿ ನೋಡಿ ವಯಸ್ಸು ಹೇಳುವ ಹೆಂಗಸಿಗೆ ಗಟ್ಟಿ ಹಲ್ಲು ಯಾವುದು, ಹಾಳು ಹಲ್ಲು ಯಾವುದು ಎಂದು ಯಾರೂ ಕಲಿಸಬೇಕಿರಲಿಲ್ಲ. ಬಾಯಲ್ಲಿ ಹತ್ತಿ ತುಂಬಿದ್ದರಿಂದ ತೊದಲುತ್ತ ಕೇಳಿದಳು:

"ಇದಕ್ಕ ಹುಳಾ ಎಲ್ಲದ?"

"ಹುಳಾ ಒಳಗ ಇರ್ತದ್ರಿ. ಕಣ್ಣಿಗಿ ಕಾಣಂಗಿಲ್ಲ."

"ಕಾಣದ ಹುಳಾ ನಿಮಗಷ್ಟ ಹ್ಯಾಂಗ ಕಾಣ್ತು?"

ಅವನು ನಕ್ಕ. ಪದವಿ ಇಲ್ಲದವನಿಗೂ ನಗು ಮಾತ್ರ ದೊಡ್ಡ ಡಾಕ್ಟರರದ್ದೇ ಇತ್ತು. ಅಂದಿನಿಂದ ಸಖುಬಾಯಿ ಅವನನ್ನು ಇಕ್ಕಳ ಎಂದು ಕರೆಯತೊಡಗಿದಳು. ಇಷ್ಟೆಲ್ಲ ತಿಳಿದೂ ಮೂರನೆಯ ಹಲ್ಲಿಗೆ ಅವನಲ್ಲಿಗೇ ಹೋದಳು, ನಾಲ್ಕನೆಯದಕ್ಕೂ ಹೋದಳು. ಒಂದು ತುತ್ತು ರೊಟ್ಟಿಗೆ ಹತ್ತು ಸಲ ಕರೆಂಟು ಹೊಡೆಯುವಾಗ ಮನುಷ್ಯರಿಗೆ ಬುದ್ಧಿ ಅಷ್ಟೇನೂ ಉಳಿಯುವುದಿಲ್ಲ. ಆ ಬಗ್ಗೆ ಅವಳು ಇಕ್ಕಳನನ್ನು ಎಷ್ಟು ಹೀನಾಯವಾಗಿ ಕಂಡಳೋ, ತನ್ನನ್ನೂ ಅಷ್ಟೇ ಹೀನಾಯವಾಗಿ ಕಂಡಳು. ಹದಿನಾಲ್ಕು ತಿಂಗಳಲ್ಲಿ ಬಲಗಡೆಯ ನಾಲ್ಕು ಹಲ್ಲು ಹೋದವು. ನೋವು ಹೋಗಲಿಲ್ಲ.

ಅಷ್ಟೊತ್ತಿಗೆ ಅವಳು ಮಾತು ಬಿಟ್ಟಿದ್ದಳು. ಮಾತಾಡಿದರೆ ಹೊಡೆಯುತ್ತಿತ್ತು, ಅಗಿದರೆ ಹೊಡೆಯುತ್ತಿತ್ತು, ಗಾಳಿ ಬೀಸಿದರೆ ಹೊಡೆಯುತ್ತಿತ್ತು. ಅಂಬಲಿಯನ್ನು ಎಡಗಡೆಯಿಂದ ಒಳಗೆ ಬಿಟ್ಟುಕೊಂಡು ನುಂಗುತ್ತಿದ್ದಳು. ಬಲಗೆನ್ನೆಗೆ ನೀರು ಮುಟ್ಟಿಸದೆ ಇದ್ದುದರಿಂದ ಅಲ್ಲಿ ಕೊಳೆಯ ಒಂದು ಪದರ ಕಟ್ಟಿತ್ತು. ಹೊರಗೆ ಹೋಗುವಾಗ ಬೇಸಿಗೆಯಲ್ಲೂ ಸೆರಗನ್ನು ಕೆನ್ನೆಗೆ ತಾಗದಂತೆ ಕೈಯಲ್ಲಿ ಹಿಡಿದು ಮರೆ ಮಾಡಿಕೊಳ್ಳುತ್ತಿದ್ದಳು. ಸಂತೆಗೆ ಬಕ್ಕಪ್ಪ ಹೋಗುತ್ತಿದ್ದ. ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಬರಿಗೈಯಲ್ಲಿ ಅಲ್ಲದಿದ್ದರೂ ಹೆಚ್ಚುಕಡಿಮೆ ಹಾಗೆಯೇ ಬರುತ್ತಿದ್ದ. ಅವನಿಗೆ ಹೇಳಬೇಕಾದ ನೂರೆಂಟು ಮಾತು ಅವಳ ಗಂಟಲಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ಬರೀ ಕಣ್ಣಿನಿಂದ ನೋಡುತ್ತಿದ್ದಳು. ಅವನು ಆ ನೋಟದಿಂದ ತಪ್ಪಿಸಿಕೊಂಡು ಕುರಿಹಟ್ಟಿಗೆ ಹೋಗಿಬಿಡುತ್ತಿದ್ದ.

ಇಷ್ಟು ವರ್ಷ ಅವಳ ಬಾಯಿಗೆ ಹೆದರಿ ಸುಮ್ಮನಿದ್ದವರಿಗೆಲ್ಲ ಆಗ ಧೈರ್ಯ ಬಂತು. ಎಲ್ಲರಿಗಿಂತ ಮೊದಲು ಧೈರ್ಯ ಬಂದದ್ದು ನೆಗೆಣ್ಣಿ ಮಲ್ಲೇಶ್ವರಿಗೆ, ಅಂದರೆ ಬಕ್ಕಪ್ಪನ ತಮ್ಮನ ಹೆಂಡತಿಗೆ. ದಿನವೂ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಊರು ಏನೆನ್ನುತ್ತಿದೆ ಎಂದು ವರದಿ ಒಪ್ಪಿಸುತ್ತಿದ್ದಳು.

"ನಾ ಅಲ್ಲಕ್ಕಾ, ಮಂದಿ ಅಂತಾರ. ಮಾತಿನಿಂದ ಎಷ್ಟ ಮಂದಿ ಹೊಟ್ಟಿ ಉರಿಸ್ಯಾಳ, ಅದಕ್ಕ ಬಾಯಿಗೇ ಬಂತು ಅಂತಾರ."

ಮಂದಿ ಎಂದರೆ ಮಲ್ಲೇಶ್ವರಿಯೇ ಎಂದು ಸಖುಬಾಯಿಗೆ ಗೊತ್ತಿತ್ತು. ಪಾಪಕ್ಕೆ ತಕ್ಕ ಜಾಗ ಹುಡುಕಿ ನೋವು ಬರುವುದಾದರೆ, ಇವಳಿಗೆ ಇಷ್ಟೊತ್ತಿಗೆ ಕಿವಿಯೂ ಕಣ್ಣೂ ಹೋಗಬೇಕಿತ್ತು ಎಂದು ಹೇಳಲು ಬಾಯಿ ತೆರೆದಳು. ಹೊಡೆತ ಬಿತ್ತು. ಕೆನ್ನೆ ಸೊಟ್ಟಗಾಗಿ, ಕಣ್ಣಲ್ಲಿ ನೀರು ಬಂತು. ಮಲ್ಲೇಶ್ವರಿ ಅದನ್ನು ಪಶ್ಚಾತ್ತಾಪ ಎಂದು ತಿಳಿದು ಸಮಾಧಾನ ಹೇಳಿದಳು. ನೋವಿಗಿಂತ ಅದೇ ಹೆಚ್ಚು ಚುಚ್ಚಿತು.

ಅದೇ ಮಲ್ಲೇಶ್ವರಿ ಒತ್ತಾಯ ಮಾಡಿ ಔರಾದ್‌ನಲ್ಲಿ ಬರೆ ಹಾಕುವವನೊಬ್ಬನ ಬಳಿಗೆ ಕರೆದುಕೊಂಡು ಹೋದಳು. ಅವನು ಕೆಂಡದಲ್ಲಿ ಕಬ್ಬಿಣದ ಸರಳು ಕಾಯಿಸುತ್ತ, ಕೆನ್ನೆಯ ಮೇಲೆ ಒಂದು ಗೆರೆ ಎಳೆದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ ಎಂದ. ಸಖುಬಾಯಿ ತನ್ನ ಕುರಿಗಳಿಗೆ ತಾನೇ ಬರೆ ಹಾಕಿದವಳು. ಹಾಗೆ ಹಾಕಿದ ಕುರಿಗಳಲ್ಲಿ ಎಷ್ಟು ಬದುಕಿದ್ದವು, ಎಷ್ಟು ಸತ್ತಿದ್ದವು ಎಂದು ಅವಳಿಗೆ ನೆನಪಿತ್ತು. ಎದ್ದು ನಿಂತು, ಪಕ್ಕದಲ್ಲಿದ್ದ ಬಕೆಟ್ಟಿನ ನೀರನ್ನು ಕೆಂಡದ ಮೇಲೆ ಸುರಿದು, ಹೊಗೆಯ ನಡುವೆಯೇ ಹೊರಗೆ ಬಂದಳು. ಹಿಂದೆ ಅವನೂ ಮಲ್ಲೇಶ್ವರಿಯೂ ಒಟ್ಟಿಗೆ ಕೆಮ್ಮುತ್ತಿದ್ದರು.

ಶೀತಲ ಬಂದು ನೋಡುವಷ್ಟರಲ್ಲಿ ತಾಯಿ ಅರ್ಧದಷ್ಟಾಗಿದ್ದಳು. ಕುಪ್ಪಸದ ತೋಳು ಜೋತಾಡುತ್ತಿತ್ತು. ಮಗಳು ಯಾರನ್ನೂ ಕೇಳದೆ ಬೀದರಿನ ಬಸ್ಸು ಹತ್ತಿಸಿದಳು. ಕಿಟಕಿಯ ಗಾಳಿ ತಡೆಯಲು ದಾರಿಯುದ್ದಕ್ಕೂ ಒಂದು ಹಳೆಯ ಕ್ಯಾಲೆಂಡರನ್ನು ತಾಯಿಯ ಮುಖದ ಪಕ್ಕ ಹಿಡಿದು ಕೂತಿದ್ದಳು.

ಬೀದರಿನ ದವಾಖಾನೆಯ ಹಲ್ಲಿನ ವಿಭಾಗದಲ್ಲಿ ಡಾಕ್ಟರ್ ನಸ್ರೀನ ಎಂಬ ಹುಡುಗಿ ಇದ್ದಳು. ಹುಡುಗಿ ಎಂದು ಸಖುಬಾಯಿಯ ಲೆಕ್ಕ. ಆಕೆಗೆ ಮೂವತ್ತಾದರೂ ಆಗಿತ್ತು. ಸಣ್ಣ ಮಣಿಕಟ್ಟು ನೋಡಿಯೇ ಸಖುಬಾಯಿಗೆ ನಿರಾಸೆಯಾಯಿತು. ಈ ಕೈ ಹಲ್ಲು ಕೀಳುವುದಿರಲಿ, ಗಜ್ಜರಿ ಕೀಳುವುದೂ ಅನುಮಾನ. ಐದನೆಯ ಹಲ್ಲನ್ನು ಬೆರಳಿನಿಂದ ತೋರಿಸಿ, ಕೀಳು ಎಂದು ಸನ್ನೆ ಮಾಡಿದಳು. ನಸ್ರೀನ ಪುಟ್ಟ ಕನ್ನಡಿ ಹಿಡಿದು ನೋಡಿ, ಎಕ್ಸ್‌ರೇ ತೆಗೆಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಈ ಹಲ್ಲಿಗಿ ಏನೂ ಆಗಿಲ್ರಿ ಅಮ್ಮಾ. ನಾ ಕೀಳಂಗಿಲ್ಲ."

ಕೈಲಾಗದವರ ಮಾತು, ಎಂದುಕೊಂಡಳು ಸಖುಬಾಯಿ.

"ಬ್ಯಾನಿ ಎಷ್ಟೊತ್ತು ಇರ್ತದ್ರಿ? ತಾಸುಗಟ್ಟಲೆ?"

ಸಖುಬಾಯಿ ಬೆರಳು ಮಡಚಿ ತೋರಿಸಿದಳು: ಹತ್ತು ಎಣಿಸುವಷ್ಟು.

"ನಿದ್ದಿ ಮಾಡಿದಾಗ ಬಂದು ಎಬ್ಬಸ್ತದೇನ್ರಿ?"

ಇಲ್ಲ.

"ಫ್ಯಾನಿನ ಗಾಳಿಗಿ? ಮುಖಾ ತೊಳದ್ರ?"

ಹೌದು, ಹೌದು. ಎರಡು ವರ್ಷದಲ್ಲಿ ಹೀಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಹೇಳಿದ್ದರು, ಅಷ್ಟೇ. ಸಖುಬಾಯಿ ಮೊದಲ ಸಲ ಆ ಹುಡುಗಿಯ ಮುಖವನ್ನು ಸರಿಯಾಗಿ ನೋಡಿದಳು.

"ಇದು ಹಲ್ಲಿನ ಬ್ಯಾನಿ ಅಲ್ರಿ, ನರದ್ದು," ಎಂದಳು ನಸ್ರೀನ. "ಮಿದುಳಿನಿಂದ ಮುಖಕ್ಕ ಒಂದು ನರ ಬರ್ತದ. ಅದು ಸುಳ್ಳು ಸುಳ್ಳೇ ಬ್ಯಾನಿ ಅಂತ ಸುದ್ದಿ ಕಳಸ್ಲತ್ತದ. ಹಲ್ಲುಗೋಳು ಪಾಪ, ಏನೂ ತಪ್ಪು ಮಾಡಿದ್ದಿಲ್ಲ."

ಬಾಯಲ್ಲಿನ ನಾಲ್ಕು ಖಾಲಿ ಜಾಗವನ್ನು ಸಖುಬಾಯಿ ನಾಲಿಗೆಯಿಂದ ಒಂದೊಂದಾಗಿ ಮುಟ್ಟಿ ನೋಡಿದಳು. ಇಕ್ಕಳನ ನಗು ಕಣ್ಣ ಮುಂದೆ ಬಂತು.

ನಸ್ರೀನ ಚೀಟಿ ಬರೆದು ಮಿದುಳಿನ ಸರ್ಜನ್ ಸುಶೀಲಕುಮಾರರ ಬಳಿಗೆ ಕಳಿಸಿದಳು. ಅವರು ಮೊದಲು ಗುಳಿಗೆ ಕೊಟ್ಟರು. ನಾಲ್ಕೇ ದಿನಕ್ಕೆ ಸಖುಬಾಯಿ ರೊಟ್ಟಿ ತಿಂದಳು, ಮುಖ ತೊಳೆದಳು, ಮಲ್ಲೇಶ್ವರಿಗೆ ಬಾಕಿ ಇದ್ದ ಮಾತನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ತೀರಿಸಿದಳು. ಆದರೆ ಐದಾರು ತಿಂಗಳಲ್ಲಿ ನೋವು ಗುಳಿಗೆಯನ್ನು ಮೀರಿ ಬೆಳೆಯಿತು. ಗುಳಿಗೆ ಹೆಚ್ಚಿಸಿದಂತೆ ತಲೆ ತಿರುಗತೊಡಗಿತು. ಒಂದು ಕುರಿ ಎರಡಾಗಿ ಕಾಣುತ್ತಿತ್ತು. ಎಣಿಸಿದಾಗಲೆಲ್ಲ ಹಟ್ಟಿ ತುಂಬಿ ತುಳುಕುತ್ತಿದೆ ಎಂದು ತನ್ನನ್ನು ತಾನೇ ಅಣಕಿಸಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಮರಿಗಳ ನಡುವೆ ಕುಸಿದು ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು.

ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಸುಶೀಲಕುಮಾರರು ಪೆನ್ನಿನ ತುದಿಯಿಂದ ತೋರಿಸಿದರು. ನೂಲಿನಂಥ ಒಂದು ನರ, ಅದರ ಮೇಲೆ ಸುತ್ತಿ ಕೂತ ಇನ್ನೊಂದು ನೂಲು.

"ಇದು ರಕ್ತದ ನಾಳ ಅವ್ವಾ. ನರದ ಮ್ಯಾಲ ಕುಂತು ಬಡೀಲತ್ತದ. ಬಡದೂ ಬಡದೂ ನರದ ಮ್ಯಾಗಿನ ಸಿಪ್ಪಿ ಹೋಗ್ಯಾದ."

"ಇಷ್ಟಾ?" ಎಂದಳು ಸಖುಬಾಯಿ. ಪಾಪ, ಗಾಳಿ, ಹುಳ ಎಂದು ಊರೆಲ್ಲ ಹೇಳಿದ್ದು ಕೊನೆಗೆ ಎರಡು ನೂಲಿನ ಜಗಳ.

"ಇಷ್ಟ. ಕಿವಿ ಹಿಂದ ಬುರುಡಿಗಿ ಸಣ್ಣ ಕಿಂಡಿ ಮಾಡಿ, ಎರಡರ ನಡುವ ಸ್ಪಂಜಿನಂಥ ಒಂದು ಚೂರು ಇಡ್ತೀವಿ. ಸೂಜಿ ಹಾಕಿ ನರ ಸುಡೂದೂ ಒಂದು ದಾರಿ ಅದ, ಆದ್ರ ಗಲ್ಲ ಜೋಮು ಹಿಡೀತದ. ನಿಮ್ಮ ವಯಸ್ಸಿಗಿ, ಈ ಚಿತ್ರಾ ನೋಡಿದ್ರ, ಮೊದಲಿಂದು ಚಲೋ ಅಂತ ನನ್ನ ವಿಚಾರ."

"ಗ್ಯಾರಂಟಿ?" ಕೇಳಿದ್ದು ಬಕ್ಕಪ್ಪ.

"ಇಲ್ಲ. ನೂರು ಮಂದಿಗಿ ಮಾಡಿದ್ರ ಎಂಬತ್ತು ಮಂದಿಗಿ ಬ್ಯಾನಿ ಹೋಗ್ತದ. ಉಳದವರಿಗಿ ಪೂರಾ ಹೋಗಂಗಿಲ್ಲ, ಇಲ್ಲಾ ವರ್ಷ ಕಳದ ಮ್ಯಾಲ ತಿರುಗಿ ಬರ್ತದ. ಕೆಲವರಿಗಿ ಆ ಕಡಿ ಕಿವಿ ಹೋಗ್ತದ. ಬಹಳ ಕಡಿಮಿ ಮಂದಿಗಿ ಲಕ್ವಾ ಹೊಡೀಬಹುದು, ಜೀವಕ್ಕೂ ಕುತ್ತು ಬರಬಹುದು. ವಿಚಾರ ಮಾಡಿ ಹೇಳ್ರಿ."

ಬಕ್ಕಪ್ಪನ ಮುಖ ಬಿಳಿಚಿಕೊಂಡಿತು. ಸಖುಬಾಯಿಗೆ ಮಾತ್ರ ಆ ಮನುಷ್ಯನ ಮೇಲೆ ಅಂದೇ ನಂಬಿಕೆ ಹುಟ್ಟಿತು. ಗ್ಯಾರಂಟಿ ಕೊಟ್ಟವರೆಲ್ಲ ಅವಳಿಂದ ಏನಾದರೂ ಕಿತ್ತುಕೊಂಡೇ ಕಳಿಸಿದ್ದರು.

ಊರಿನಲ್ಲಿ ಸುದ್ದಿ ಹಬ್ಬಿತು. ತಲೆ ಕೊರೆದರೆ ಹುಚ್ಚಿಯಾಗುತ್ತಾಳೆ, ಹೆಸರು ಮರೆಯುತ್ತಾಳೆ ಎಂದು ಮಲ್ಲೇಶ್ವರಿ ಬಾವಿಕಟ್ಟೆಯಲ್ಲಿ ಹೇಳಿ ಬಂದಳು. ತಲೆಯೊಳಗಿನ ವಿಷಯದಲ್ಲಿ ಮಲ್ಲೇಶ್ವರಿಗೆ ಅನುಭವ ಕಡಿಮೆ, ಇದ್ದರೆ ಸ್ವಲ್ಪ ಬಳಸುತ್ತಿದ್ದಳು, ಎಂದುಕೊಂಡು ಸಖುಬಾಯಿ ಬಟ್ಟೆಯ ಚೀಲ ತುಂಬಿದಳು.

ದವಾಖಾನೆಯಲ್ಲಿ ಒಪ್ಪಿಗೆಯ ಕಾಗದಕ್ಕೆ ಅವಳು ಸಹಿ ಹಾಕಿದಳು. ಮನೆಯವರ ಸಹಿಗಾಗಿ ಪೆನ್ನು ಬಕ್ಕಪ್ಪನ ಕೈಗೆ ಬಂದಾಗ ಅವನು ಅದನ್ನು ಹಿಡಿದುಕೊಂಡು ನಿಂತೇ ಇದ್ದ.

"ಏನರೆ ಆದ್ರ?" ಎಂದ.

ಒಂದೊಂದು ಮಾತಿಗೂ ಹೊಡೆತ ತಿನ್ನುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದಳು: "ಸತ್ರ... ಬ್ಯಾನಿ ಇರಂಗಿಲ್ಲ. ಉಳದ್ರ... ನಿಮ್ಮ ಜೋಡಿ ಜಗಳಾಡ್ತೀನಿ. ಹಾಕ್ರಿ ಸಹಿ."

ಬಕ್ಕಪ್ಪ ಸಹಿ ಹಾಕಿದ. ಆಮೇಲೆ ಗೋಡೆಯ ಕಡೆ ತಿರುಗಿ ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡ. ಮೂವತ್ತು ವರ್ಷದಲ್ಲಿ ಅವಳು ಅವನ ಬಗ್ಗೆ ಅಂದುಕೊಂಡ ಹಗುರ ಮಾತುಗಳೆಲ್ಲ ಒಂದು ಗಳಿಗೆ ಬಾಯಿ ಮುಚ್ಚಿಕೊಂಡವು.

ಆಪರೇಶನ್ ನಾಲ್ಕು ತಾಸು ನಡೆಯಿತು. ಎಚ್ಚರವಾದಾಗ ತಲೆಯ ಹಿಂದೆ ಯಾರೋ ಒನಕೆಯಿಂದ ಕುಟ್ಟುತ್ತಿದ್ದಂತೆ ಇತ್ತು, ಮಂಚ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ವಾಂತಿಯಾಯಿತು. ನರ್ಸೊಬ್ಬಳು ಬಂದು, ಇವಳು ಕೈ ಎತ್ತಿ ತಡೆಯುವ ಮೊದಲೇ, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದಳು. ಬಲಗೆನ್ನೆಯನ್ನೂ ಒರೆಸಿಬಿಟ್ಟಳು, ಬಿರುಸಾಗಿ, ಪಾತ್ರೆ ಉಜ್ಜುವಂತೆ. ಸಖುಬಾಯಿ ಕಣ್ಣು ಬಿಗಿಮುಚ್ಚಿ ಕಾದಳು. ಹತ್ತು ಎಣಿಸಿದಳು. ಇಪ್ಪತ್ತು ಎಣಿಸಿದಳು. ಬಟ್ಟೆಯ ತಂಪು ಮಾತ್ರ ಇತ್ತು.

ಅವಳು ನಂಬಲಿಲ್ಲ. ಪ್ರತಿ ಹಲ್ಲು ಹೋದಾಗಲೂ ಇದೇ ರೀತಿಯ ಆರಾಮ ಬಂದು ಮೋಸ ಮಾಡಿತ್ತು. ಮೂರು ದಿನ ಅಂಬಲಿಯನ್ನು ಎಡಗಡೆಯಿಂದಲೇ ಕುಡಿದಳು. ನಾಲ್ಕನೆಯ ದಿನ ಸುಶೀಲಕುಮಾರರು ಕೆನ್ನೆ ತಟ್ಟಿ, ಫ್ಯಾನಿನ ಕೆಳಗೆ ಕೂರಿಸಿ, ಮಾತಾಡಿ ಎಂದರು. ಏನು ಮಾತಾಡುವುದೆಂದು ಹೊಳೆಯದೆ ತನ್ನ ಕುರಿಗಳ ಬಣ್ಣವನ್ನೆಲ್ಲ ಒಂದೊಂದಾಗಿ ಹೇಳಿದಳು. ಕರಿದು, ಕೆಂದು, ಬಿಳಿ ಮೂತಿದು, ಚಿಕ್ಕಿದು. ಏನೂ ಆಗಲಿಲ್ಲ. ಹೇಳುತ್ತ ಹೇಳುತ್ತ ಅತ್ತಳು; ಶೀತಲ ನೋಡಿದ್ದನ್ನು ಕಂಡು, ತಲೆ ತಿರುಗುತ್ತಿದೆ ಎಂದು ಸುಳ್ಳು ಹೇಳಿದಳು.

ಹೋದದ್ದು ಬೇರೊಂದು. ಬಲಗಿವಿ. ಊರಿಗೆ ಬಂದ ಮೇಲೆ ಗೊತ್ತಾಯಿತು, ಆ ಕಡೆಯಿಂದ ಬಂದ ಮಾತು ಹತ್ತಿ ತುಂಬಿದ ಮೂಟೆಯ ಆಚೆಯಿಂದ ಬಂದಂತೆ ಕೇಳುತ್ತಿತ್ತು, ಕ್ರಮೇಣ ಅದೂ ನಿಂತಿತು. ಮೂರು ವಾರ ಗೋಡೆ ಹಿಡಿದು ನಡೆದಳು. ಮಲ್ಲೇಶ್ವರಿ ನೋಡಲು ಬಂದು, "ಕಿವಿ ಹೋಯ್ತಂತಲ್ಲಕ್ಕಾ, ನಾ ಮೊದಲೇ ಅಂದಿದ್ದೆ" ಎಂದಳು. ಸಖುಬಾಯಿ ಅವಳನ್ನು ಬಲಗಡೆ ಕೂರಿಸಿಕೊಂಡು ತಾಸುಗಟ್ಟಲೆ ಮಾತಾಡಲು ಬಿಟ್ಟಳು.

ಮೈ ಹಗುರಾದ ಮೇಲೆ ಅವಳು ಮಾಡಿದ ಮೊದಲ ಕೆಲಸ ಭಾಲ್ಕಿಗೆ ಹೋದದ್ದು. ಸ್ಕ್ಯಾನಿನ ಚಿತ್ರವನ್ನು ಇಕ್ಕಳನ ಮೇಜಿನ ಮೇಲಿಟ್ಟಳು. ಅವನು ಅದನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿದ.

"ನನಗ ಮೊದಲೇ ಡೌಟ್ ಇತ್ತು ನೋಡ್ರಿ," ಎಂದ. "ಹೋಗ್ಲಿ. ಈಗ ನಾಲ್ಕು ಹಲ್ಲಿನ ಸೆಟ್ಟು ಹಾಕ್ತೀನಿ. ಗ್ಯಾರಂಟಿ."

ಈ ಮನುಷ್ಯನಿಗಾಗಿ ದಾರಿಯಲ್ಲಿ ಮಸೆದು ತಂದ ಮಾತುಗಳು ಅವಳ ಬಾಯಲ್ಲೇ ಉಳಿದವು. ನಾಚಿಕೆ ಎಂಬುದು ಸ್ವಲ್ಪವಾದರೂ ಇದ್ದವನ ಮೇಲೆ ಮಾತು ಖರ್ಚು ಮಾಡಬಹುದು. ಹೊರಗೆ ಬೆಂಚಿನ ಮೇಲೆ ಕೆನ್ನೆಗೆ ಕೈ ಕೊಟ್ಟು ಕೂತ ಒಬ್ಬ ಕಂಡ. ಬಗದಲ್‌ನವನಂತೆ, ನೆಂಟರ ಮನೆಗೆ ಬಂದಿದ್ದನಂತೆ.

"ಇಲ್ಲಿ ಕೀಳಿಸ್ಕೋಬ್ಯಾಡ್ರಿ," ಎಂದಳು. "ಅದು ಹಲ್ಲಲ್ಲ. ಮಿದುಳಿನ ನರ."

"ಮೂರು ರಾತ್ರಿ ಮಲಗಿಲ್ರಿ ಯಕ್ಕಾ," ಎಂದು ಅವನು ಕೈ ತೆಗೆದ. ಕೆನ್ನೆ ಬನ್ನಿನಂತೆ ಊದಿತ್ತು. ಬಾಯಿ ತೆರೆದರೆ ದವಡೆಯಲ್ಲಿ ಬೆರಳು ಹೋಗುವಷ್ಟು ತೂತು, ಕೀವು. ಕುರಿಗೆ ಹೀಗಾಗಿದ್ದರೆ ದೂರದಿಂದಲೇ ಹೇಳುತ್ತಿದ್ದಳು. ಸಖುಬಾಯಿ ನಾಚಿದಳು. ಮುಟ್ಟದೆ, ಕೇಳದೆ, ಒಂದೇ ನೋಟಕ್ಕೆ ರೋಗ ಹೇಳುವ ಚಟ ತನಗೂ ಹತ್ತಿತ್ತಲ್ಲ. "ಹಲ್ಲಿಂದೇ ಅದ," ಎಂದಳು. "ಆದ್ರ ಇವನ ಕೈಯಾಗ ಬ್ಯಾಡ. ಬೀದರಿಗಿ ಹೋಗ್ರಿ, ನಸ್ರೀನ ಡಾಕ್ಟರ್ ಅಂತ ಕೇಳ್ರಿ."

ವರ್ಷ ಕಳೆದ ಮೇಲೆ ಒಂದು ದಿನ ಪೇರಲ ಹಣ್ಣು ಕಚ್ಚಿದಾಗ ಬಲಗೆನ್ನೆಯಲ್ಲಿ ಒಂದು ಸಣ್ಣ ಕಿಡಿ ಹಾರಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಬಕ್ಕಪ್ಪನೇ ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿದ. ಅವಳು ಹಣ್ಣನ್ನು ಎಡಗಡೆ ಸರಿಸಿದ್ದನ್ನು ಅವನು ನೋಡಿದ್ದ. ಸುಶೀಲಕುಮಾರರು ಹಳೆಯ ಗುಳಿಗೆಯನ್ನೇ ಅರ್ಧದಷ್ಟು ಕೊಟ್ಟರು. ಕಿಡಿ ಆರಿತು. ಮತ್ತೆ ಹತ್ತಬಹುದು, ಹತ್ತದಿರಲೂಬಹುದು ಎಂದರು.

ಈಗ ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತಾಳೆ. ಕಳೆದ ಸಲ ಹೋದಾಗ ಡಾಕ್ಟರಿಕೆ ಓದುವ ಐದಾರು ಮಂದಿ ನೋಟ್‌ಬುಕ್ಕು ಹಿಡಿದು ಅವಳು ಕೂತ ಮಂಚದ ಸುತ್ತ ನಿಂತಿದ್ದರು. ಸುಶೀಲಕುಮಾರರು ಅವಳ ಕಡೆ ಕೈ ಮಾಡಿ, ಆಪರೇಶನ್ ಪೂರ್ತಿ ಸಕ್ಸೆಸ್ ಆದ ಪೇಶಂಟು ಎಂದು ಹೇಳತೊಡಗಿದರು.

"ಪೂರ್ತಿ ಅಂತ ಯಾಕ ಬರಸ್ತೀರಿ?" ಎಂದಳು ಸಖುಬಾಯಿ. "ಬ್ಯಾನಿ ಹೋಗ್ಯಾದ, ಖರೇ ಅದ. ಒಂದು ಕಿವಿ ಹೋಗ್ಯಾದ. ಅರ್ಧ ಗುಳಗಿ ಚಾಲೂ ಅದ. ಇಲ್ಲಿಗಿ ಬರೂದಕ್ಕಿಂತ ಮೊದಲ ಇನ್ನೊಬ್ಬವ ನಾಲ್ಕು ಹಲ್ಲ ಕಿತ್ತಾನ. ಇವ್ರು ನಾಳಿ ಡಾಕ್ಟರ್ ಆಗವ್ರು. ಎಲ್ಲಾ ಬರಕೊಳ್ಳಲಿ."

ಸುಶೀಲಕುಮಾರರು ಓದುವವರ ಕಡೆ ತಿರುಗಿ, "ಬರಕೊಳ್ರಿ," ಎಂದರು. ಪೆನ್ನುಗಳು ಓಡಿದವು. ಬಲಗಡೆ ನಿಂತಿದ್ದ ಹುಡುಗಿಯೊಬ್ಬಳು ಏನೋ ಕೇಳಿದಳು, ಸಖುಬಾಯಿಗೆ ಕೇಳಿಸಲಿಲ್ಲ. ಆ ಹುಡುಗಿ ಅದನ್ನು ಗಮನಿಸಿ, ಮಂಚ ಸುತ್ತಿ ಎಡಗಡೆಗೆ ಬಂದು ಮತ್ತೆ ಕೇಳಿದಳು: ಮೊದಲ ಸಲ ನೋವು ಬಂದಾಗ ಎಷ್ಟು ಹೊತ್ತು ಇತ್ತು?

ಸಖುಬಾಯಿ ಅವಳಿಗೆ ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟಳು.